ಮೂವತ್ತು ಅಂದರೆ ಎಷ್ಟು?

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶಕ್ಕೆ ‘30’ ಎಂದು ಟೈಪ್ ಮಾಡಿದರೆ ಅದು ಮೂವತ್ತು ಉದ್ದದ ಗೆರೆ ಎಳೆಯುತ್ತದೆ. ಮೂವತ್ತು ಏನು? ಅಡಿಯೋ, ಮೀಟರೋ, ಮಿಲಿಮೀಟರೋ? ಹೆಚ್ಚಿನ ಸಲ ಅದು ಕೇಳುವುದೇ ಇಲ್ಲ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿಗೆ ಮನೆ ಪ್ಲ್ಯಾನ್ ಹಾಕಲು ಕೂತ ಹೊಸಬರು 30, 40 ಎಂದು ಕೊಟ್ಟು ಆಯತ ಬರೆಯುತ್ತಾರೆ ಎನ್ನಿ. ಅವರು ಬಳಸುವ ಆಟೋಕ್ಯಾಡ್ ತಂತ್ರಾಂಶ ಅಡಿ-ಇಂಚಿನ ಸೆಟ್ಟಿಂಗಿನಲ್ಲಿದ್ದರೆ ಸೈಟು ಮೂವತ್ತು ಇಂಚು ಅಗಲ, ನಲವತ್ತು ಇಂಚು ಉದ್ದದ್ದಾಗುತ್ತದೆ. ಮೆಟ್ರಿಕ್ ಸೆಟ್ಟಿಂಗಿನಲ್ಲಿದ್ದರೆ ಅಂಚೆಚೀಟಿಯಷ್ಟಾಗುತ್ತದೆ. ಪರದೆ ನೋಡಿದರೆ ಏನೂ ಗೊತ್ತಾಗದು. ಜೂಮ್ ಮಾಡಿದರೆ ಅಂಚೆಚೀಟಿಯೂ ಪರದೆ ತುಂಬುತ್ತದೆ, ಸೈಟೂ ಪರದೆ ತುಂಬುತ್ತದೆ.

ಕ್ಯಾಡ್‌ನಲ್ಲಿ ಒಂದು ಅಳತೆಗೆ ಮೂರು ಪದರಗಳಿವೆ. ಮೊದಲನೆಯದು ಕಡತದೊಳಗೆ ಕೂತಿರುವ ಸಂಖ್ಯೆ. ಎರಡನೆಯದು ಆ ಸಂಖ್ಯೆ ಯಾವ ಮಾನದ್ದು ಎಂಬ ಒಪ್ಪಂದ. ಮೂರನೆಯದು ಪರದೆಯ ಮೇಲೋ ಕಾಗದದ ಮೇಲೋ ನಮಗೆ ಕಾಣುವ ಬರಹ. ನೋಡುವವರಿಗೆ ಮೂರೂ ಒಂದೇ. ಆದರೆ ತಂತ್ರಾಂಶದಲ್ಲಿ ಇವುಗಳನ್ನು ನಿಯಂತ್ರಿಸುವ ಸೆಟ್ಟಿಂಗುಗಳು ಬೇರೆ ಬೇರೆ. ಒಂದನ್ನು ತಿರುಗಿಸಿದರೆ ಉಳಿದೆರಡು ತಾವಾಗಿ ತಿರುಗುವುದಿಲ್ಲ. ಅಳತೆಯ ಎಡವಟ್ಟುಗಳು ಹುಟ್ಟುವುದು ಈ ಪದರಗಳ ನಡುವಿನ ಸಂದಿನಲ್ಲಿ.

ಒಂದೇ ಸಂಖ್ಯೆ, ಐದು ವೇಷ

ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರ ಡಿಸೆಂಬರಿನಲ್ಲಿ. ಅಂದಿನಿಂದ ಇಂದಿನವರೆಗೂ ಅದು ಗೆರೆಯ ತುದಿಗಳನ್ನು ಬರೀ ಸಂಖ್ಯೆಗಳಾಗಿ ಬರೆದಿಡುತ್ತದೆ; ಪ್ರತಿ ಸಂಖ್ಯೆಯ ಪಕ್ಕದಲ್ಲಿ ಇಂಚು, ಮೀಟರು ಎಂಬ ಬಾಲ ಇರುವುದಿಲ್ಲ. ಅದರ ‘ಯೂನಿಟ್ಸ್’ ಆದೇಶ ಕೊಟ್ಟರೆ ಐದು ಆಯ್ಕೆಗಳು ಸಿಗುತ್ತವೆ. ಒಳಗೆ 66.5 ಎಂಬ ಸಂಖ್ಯೆ ಇದೆ ಎಂದುಕೊಳ್ಳಿ. ದಶಮಾಂಶ ರೂಪದಲ್ಲಿ ಅದು 66.5000. ಭಿನ್ನರಾಶಿಯಲ್ಲಿ 66 1/2. ಎಂಜಿನಿಯರಿಂಗ್ ರೂಪದಲ್ಲಿ 5'-6.50". ಆರ್ಕಿಟೆಕ್ಚರಲ್ ರೂಪದಲ್ಲಿ 5'-6 1/2". ಐದನೆಯದು ವಿಜ್ಞಾನಿಗಳು ಬಳಸುವ, ಹತ್ತರ ಘಾತದ ರೂಪ. ವೇಷ ಬದಲಾದರೂ ಒಳಗಿನ 66.5 ಅಲುಗುವುದಿಲ್ಲ. ಅಡಿ-ಇಂಚಿನ ಎರಡು ರೂಪಗಳಲ್ಲಿ ಮಾತ್ರ ತಂತ್ರಾಂಶ ಒಂದು ಊಹೆ ಮಾಡಿಕೊಳ್ಳುತ್ತದೆ: ಒಂದು ಏಕಮಾನ ಎಂದರೆ ಒಂದು ಇಂಚು. ಹಾಗಾಗಿ ಮೂವತ್ತು ಅಡಿ ಬೇಕಿದ್ದರೆ 30ರ ಮುಂದೆ ಅಡಿಯ ಗುರುತು ಹಾಕಲೇಬೇಕು.

ಇದರಲ್ಲಿ ಇನ್ನೊಂದು ಸಣ್ಣ ತೊಡಕಿದೆ. ಪರದೆಯಲ್ಲಿ 5'-6 1/2" ಎಂದು ಕಾಣುವ ಅಳತೆಯನ್ನು ನಾವು ಕೊಡುವಾಗ 5'6-1/2" ಎಂದು ಬರೆಯಬೇಕು. ಆಟೋಕ್ಯಾಡ್‌ನಲ್ಲಿ ಸ್ಪೇಸ್ ಬಾರ್ ಒತ್ತಿದರೆ ಎಂಟರ್ ಒತ್ತಿದಂತೆ. ಆರು ಇಂಚಿನ ನಂತರ ಜಾಗ ಬಿಟ್ಟರೆ ಅಲ್ಲಿಗೇ ಆದೇಶ ಮುಗಿಯುತ್ತದೆ, ಅರ್ಧ ಇಂಚು ಬಿಟ್ಟುಹೋಗುತ್ತದೆ. ಕಾಣುವ ರೂಪ ಬೇರೆ, ಕೊಡುವ ರೂಪ ಬೇರೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಎರಡನೆಯ ಪದರಕ್ಕೆ, ಅಂದರೆ ಒಪ್ಪಂದಕ್ಕೆ, ಆಟೋಕ್ಯಾಡ್ ಒಂದು ಪ್ರತ್ಯೇಕ ಸೆಟ್ಟಿಂಗ್ ಇಟ್ಟಿದೆ: ‘ಇನ್ಸ್‌ಯೂನಿಟ್ಸ್’. 0 ಎಂದರೆ ಮಾನವಿಲ್ಲ, 1 ಎಂದರೆ ಇಂಚು, 2 ಅಡಿ, 4 ಮಿಲಿಮೀಟರು, 6 ಮೀಟರು. ಇದು ಮುಖ್ಯವಾಗಿ ಕೆಲಸಕ್ಕೆ ಬರುವುದು ಒಂದು ನಕ್ಷೆಯೊಳಕ್ಕೆ ಇನ್ನೊಂದು ನಕ್ಷೆಯನ್ನೋ ಬ್ಲಾಕನ್ನೋ (ಮೊದಲೇ ಬರೆದಿಟ್ಟ ಚಿತ್ರದ ತುಣುಕು) ತಂದು ಸೇರಿಸುವಾಗ. ಎರಡೂ ಕಡೆ ಮಾನ ಸರಿಯಾಗಿ ನಮೂದಾಗಿದ್ದರೆ ತಂತ್ರಾಂಶವೇ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ. ನಮೂದಾಗದೆ ಸಂಖ್ಯೆ ಇದ್ದಂತೆಯೇ ಬಂದುಬಿಟ್ಟರೆ, 450 ಮಿ.ಮೀ. ಅಗಲದ ಕುರ್ಚಿ ಇಂಚಿನ ನಕ್ಷೆಯಲ್ಲಿ 450 ಇಂಚು, ಎಂದರೆ ಮೂವತ್ತೇಳೂವರೆ ಅಡಿ ಆಗುತ್ತದೆ. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಅಂಥ ಕುರ್ಚಿ ಕಾಂಪೌಂಡು ದಾಟಿ ಪಕ್ಕದ ಮನೆಯೊಳಗೆ ಕಾಲಿಡುತ್ತದೆ.

ಯಂತ್ರದ ಹೊಟ್ಟೆಯೊಳಗಿನ ಮಾನ

ಆಟೋಕ್ಯಾಡ್‌ನಂತೆ ಎಲ್ಲ ತಂತ್ರಾಂಶಗಳೂ ತಟಸ್ಥವಲ್ಲ. ಹಲವಕ್ಕೆ ಒಳಗೊಂದು ಖಾಯಂ ಮಾನ ಇರುತ್ತದೆ. ಕಟ್ಟಡ ವಿನ್ಯಾಸದ ರೆವಿಟ್ ಉದ್ದವನ್ನು ಅಡಿಯಲ್ಲಿ ಇಟ್ಟುಕೊಳ್ಳುತ್ತದೆ. ಸ್ಕೆಚ್‌ಅಪ್ ಇಂಚಿನಲ್ಲಿ, ಫ್ರೀಕ್ಯಾಡ್ ಮಿಲಿಮೀಟರಿನಲ್ಲಿ, ಇನ್ವೆಂಟರ್ ಸೆಂಟಿಮೀಟರಿನಲ್ಲಿ, ಸಾಲಿಡ್‌ವರ್ಕ್ಸ್ ಮೀಟರಿನಲ್ಲಿ. ಬಳಸುವವರು ಯಾವ ಮಾನ ಆಯ್ದುಕೊಂಡರೂ ಒಳಗಿನ ಲೆಕ್ಕ ಆ ಖಾಯಂ ಮಾನದಲ್ಲೇ ನಡೆಯುತ್ತದೆ. ನಾವು ಆಯ್ದ ಮಾನಕ್ಕೆ ಅನುವಾದವಾಗುವುದು ಕೊನೆಗೆ, ತೋರಿಸುವ ಹೊತ್ತಿಗೆ. ಪರದೆ ನೋಡಿ ಕೆಲಸ ಮಾಡುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಈ ತಂತ್ರಾಂಶಗಳಿಗೆ ಪುಟ್ಟ ಪ್ರೋಗ್ರಾಂ ಬರೆದು ಜೋಡಿಸುವವರಿಗೆ. ಸಾಲಿಡ್‌ವರ್ಕ್ಸ್‌ನಲ್ಲಿ 50 ಮಿ.ಮೀ. ಘನ ಬೇಕೆಂದು ಪ್ರೋಗ್ರಾಂನಲ್ಲಿ 50 ಎಂದು ಬರೆದರೆ ಐವತ್ತು ಮೀಟರಿನ ಘನ ಎದ್ದು ನಿಲ್ಲುತ್ತದೆ, ಬರೆಯಬೇಕಾದದ್ದು 0.05.

ಖಾಯಂ ಮಾನ ಇಟ್ಟುಕೊಳ್ಳುವುದರಲ್ಲಿ ಒಂದು ಲಾಭವಿದೆ. ಮಿ.ಮೀ. ಕಡತದಲ್ಲಿ ‘2 ಇಂಚು’ ಎಂದು ಮಾನ ಸಮೇತ ಕೊಟ್ಟರೆ ಇಂಥ ತಂತ್ರಾಂಶಗಳು ತಕ್ಷಣ 50.8 ಎಂದು ಬರೆದುಕೊಳ್ಳುತ್ತವೆ. ಎರಡು ಪದ್ಧತಿಗಳ ಮಧ್ಯೆ ಕೆಲಸ ಮಾಡುವವರಿಗೆ ಕ್ಯಾಲ್ಕುಲೇಟರ್ ಬೇಕಿಲ್ಲ.

ಮಿತಿಯೂ ಇದೆ. ಸಾಲಿಡ್‌ವರ್ಕ್ಸ್, ಸೀಮೆನ್ಸ್‌ನ ಎನ್ಎಕ್ಸ್ ಮುಂತಾದವುಗಳ ತಳದಲ್ಲಿ ‘ಪ್ಯಾರಾಸಾಲಿಡ್’ ಎಂಬ ಜ್ಯಾಮಿತಿಯ ಎಂಜಿನ್ ಇದೆ. ಅದರ ಜಗತ್ತು ಪ್ರತಿ ದಿಕ್ಕಿನಲ್ಲಿ ಒಂದು ಕಿಲೋಮೀಟರ್ ಉದ್ದದ ಪೆಟ್ಟಿಗೆ. ಹತ್ತು ನ್ಯಾನೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳು ಅದರ ಲೆಕ್ಕದಲ್ಲಿ ಒಂದೇ. ಕಿಲೋಮೀಟರಿಗೂ ಹತ್ತು ನ್ಯಾನೋಮೀಟರಿಗೂ ನಡುವೆ ಹನ್ನೊಂದು ಸೊನ್ನೆಗಳ ಅಂತರ. ಕಂಪ್ಯೂಟರ್ ಒಂದು ದಶಮಾಂಶ ಸಂಖ್ಯೆಯನ್ನು ಸುಮಾರು ಹದಿನೈದು ಅಂಕಿಗಳವರೆಗೆ ನಂಬಿಕೆಯಿಂದ ಹಿಡಿದಿಡಬಲ್ಲದು. ಲೆಕ್ಕಾಚಾರದ ನಡುವೆ ಸೇರಿಕೊಳ್ಳುವ ಸಣ್ಣಪುಟ್ಟ ದೋಷಗಳಿಗೆ ಉಳಿದ ಅಂಕಿಗಳು ಬೇಕಾಗುತ್ತವೆ. ಆದ್ದರಿಂದ ಪರದೆಯಲ್ಲಿ ಎಂಟು ದಶಮಾಂಶ ಸ್ಥಾನ ತೋರಿಸುವಂತೆ ಸೆಟ್ಟಿಂಗ್ ಮಾಡಿದ ಮಾತ್ರಕ್ಕೆ ನಕ್ಷೆ ಅಷ್ಟು ನಿಖರವಾಗುವುದಿಲ್ಲ. ಪರದೆ ಅಂಕಿಗಳನ್ನು ತೋರಿಸುತ್ತದೆಯೇ ಹೊರತು ಅವು ಎಷ್ಟು ಗಟ್ಟಿ ಎಂದು ಹೇಳುವುದಿಲ್ಲ.

ಡಿಫಾಲ್ಟ್ ಎಲ್ಲಿ ಅಡಗಿದೆ?

‘ನಿನ್ನೆ ಮಿ.ಮೀ.ಗೆ ಬದಲಿಸಿದ್ದೆ, ಇವತ್ತು ಮತ್ತೆ ಇಂಚು ಬಂದಿದೆ’ ಎಂಬುದು ಕ್ಯಾಡ್ ಕಲಿಯುವವರೆಲ್ಲರ ಗೊಣಗಾಟ. ಕಾರಣ ಸರಳ. ಹೆಚ್ಚಿನ ಕಡೆ ಮಾನದ ಸೆಟ್ಟಿಂಗ್ ಇರುವುದು ತಂತ್ರಾಂಶದಲ್ಲಲ್ಲ, ಪ್ರತಿಯೊಂದು ಕಡತದಲ್ಲಿ. ನಿನ್ನೆ ಬದಲಿಸಿದ್ದು ನಿನ್ನೆಯ ಕಡತವನ್ನು. ಇವತ್ತಿನ ಹೊಸ ಕಡತ ಹುಟ್ಟಿದ್ದು ಟೆಂಪ್ಲೇಟಿನಿಂದ, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಮಾದರಿ ಕಡತದಿಂದ. ಆಟೋಕ್ಯಾಡ್ ಜೊತೆಗೆ ಇಂಥ ಎರಡು ಮಾದರಿಗಳು ಬರುತ್ತವೆ. ‘ಆಕ್ಯಾಡ್’ ಎಂಬುದು ಇಂಚಿನದು, ‘ಆಕ್ಯಾಡ್-ಐಎಸ್ಒ’ ಎಂಬುದು ಮೆಟ್ರಿಕ್ಕಿನದು. ಇವೆರಡರಲ್ಲಿ ಗೆರೆಯ ನಮೂನೆ, ಅಕ್ಷರದ ಎತ್ತರ, ಬಾಣದ ತುದಿಯ ಗಾತ್ರ, ಹ್ಯಾಚ್‌ನ ಅಂತರ ಎಲ್ಲವೂ ಬೇರೆ ಬೇರೆ. ತಪ್ಪು ಮಾದರಿಯಿಂದ ಶುರು ಮಾಡಿ ಆಮೇಲೆ ಮಾನವನ್ನಷ್ಟೇ ಬದಲಿಸಿದವರಿಗೆ ಡೈಮೆನ್ಷನ್, ಅಂದರೆ ನಕ್ಷೆಯ ಮೇಲೆ ಬರೆಯುವ ಅಳತೆಯ, ಅಕ್ಷರಗಳು ಇರುವೆಯಷ್ಟು ಚಿಕ್ಕದಾಗಿ ಕಾಣುವುದು ಇದರಿಂದಲೇ.

ಹಾಗಾಗಿ ಡಿಫಾಲ್ಟ್ ಬದಲಿಸುವ ಸರಿಯಾದ ದಾರಿ ಒಂದೇ. ಹೊಸ ಕಡತ ತೆರೆದು ಮಾನ, ದಶಮಾಂಶ ಸ್ಥಾನ, ಡೈಮೆನ್ಷನ್ ಶೈಲಿ ಎಲ್ಲವನ್ನೂ ತಿದ್ದಿ, ಅದನ್ನೇ ಟೆಂಪ್ಲೇಟಾಗಿ ಉಳಿಸಿ, ಇನ್ನು ಮುಂದೆ ಇದರಿಂದಲೇ ಶುರು ಮಾಡು ಎಂದು ತಂತ್ರಾಂಶಕ್ಕೆ ತಿಳಿಸುವುದು. ಸಾಲಿಡ್‌ವರ್ಕ್ಸ್‌ನಲ್ಲೂ ಹೀಗೇ. ಮೊದಲ ಸಲ ತೆರೆದಾಗ ಅದು ಮಾನ ಯಾವುದು, ಡೈಮೆನ್ಷನ್ ಯಾವ ಪದ್ಧತಿಯದು ಎಂದು ಕೇಳುತ್ತದೆ. ನಾವು ಓದದೆ ಓಕೆ ಒತ್ತಿರುತ್ತೇವೆ. ಯಾವ ತಂತ್ರಾಂಶವಾದರೂ ಒಂದು ಮಾತು ನೆನಪಿರಬೇಕು: ಹೊಸ ಡಿಫಾಲ್ಟ್ ಮುಂದೆ ಹುಟ್ಟುವ ಕಡತಗಳಿಗೆ ಮಾತ್ರ. ಹಳೆಯವು ತಮ್ಮ ಹಳೆಯ ಮಾನವನ್ನೇ ಹೊತ್ತುಕೊಂಡು ಕಪಾಟಿನಲ್ಲಿರುತ್ತವೆ. ಇದರ ಬೆಲೆ ಏನೆಂದು ಈ ಅಧ್ಯಾಯದ ಕೊನೆಯ ಹೊತ್ತಿಗೆ ನೋಡೋಣ.

25.4 ಎಂಬ ಬೆರಳಚ್ಚು

ಒಂದು ಇಂಚು 25.4 ಮಿ.ಮೀ. ಇದು ಅಂದಾಜಲ್ಲ, ನಿಖರ ಸಂಖ್ಯೆ; ಆದರೆ ಹಾಗಾದದ್ದು 1959ರಲ್ಲಿ. ಅದಕ್ಕೆ ಮುಂಚೆ ಅಮೆರಿಕದ ಇಂಚು 25.40005 ಮಿ.ಮೀ.ನಷ್ಟಿತ್ತು, ಬ್ರಿಟನ್ನಿನದು 25.4ಕ್ಕಿಂತ ಕೂದಲೆಳೆ ಕಡಿಮೆ ಇತ್ತು. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ತಾವು ತಯಾರಿಸುತ್ತಿದ್ದ ಗೇಜ್ ಬ್ಲಾಕುಗಳಿಗೆ (ನಮ್ಮ ವರ್ಕ್‌ಶಾಪುಗಳಲ್ಲಿ ಇವು ಸ್ಲಿಪ್ ಗೇಜ್) 25.4ನ್ನೇ ಹಿಡಿದಿದ್ದರು. ಕಾರ್ಖಾನೆಗಳು ಅದನ್ನು ಒಪ್ಪಿದವು. ಸರ್ಕಾರಗಳು ನಂತರ ಒಪ್ಪಿದವು.

ಅಮೆರಿಕದ ಭೂಮಾಪಕರು ಮಾತ್ರ ಹಳೆಯ ಅಡಿಯನ್ನು ‘ಸರ್ವೆ ಅಡಿ’ ಎಂದು ಉಳಿಸಿಕೊಂಡರು. ಹೊಸದಕ್ಕೂ ಅದಕ್ಕೂ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಭಾಗ. ಮನೆಯ ನಕ್ಷೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆದರೆ ರಾಜ್ಯದ ಮೂಲಬಿಂದುವಿನಿಂದ ಇಪ್ಪತ್ತು ಲಕ್ಷ ಅಡಿ ದೂರದ ರಸ್ತೆಯೊಂದರ ನಿರ್ದೇಶಾಂಕದಲ್ಲಿ ಅದೇ ವ್ಯತ್ಯಾಸ ನಾಲ್ಕು ಅಡಿ. 2022ರ ಕೊನೆಗೆ ಅಮೆರಿಕ ಸರ್ವೆ ಅಡಿಯನ್ನು ಅಧಿಕೃತವಾಗಿ ಕೈಬಿಟ್ಟಿತು. ಹಳೆಯ ಕಡತಗಳಿಗಾಗಿ ಆಟೋಕ್ಯಾಡ್‌ನ ಮಾನಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ.

ಮಾನದ ತಪ್ಪಿಗೆ ಒಂದು ಗುಣವಿದೆ. ಅದು ಬೆರಳಚ್ಚು ಬಿಟ್ಟು ಹೋಗುತ್ತದೆ. ನಕ್ಷೆಯ ಅಳತೆ ಇರಬೇಕಾದ್ದಕ್ಕಿಂತ 25.4 ಪಟ್ಟು ಹೆಚ್ಚೋ ಕಡಿಮೆಯೋ ಇದ್ದರೆ ಇಂಚಿಗೂ ಮಿ.ಮೀ.ಗೂ ಅದಲು ಬದಲಾಗಿದೆ. 12 ಪಟ್ಟು ಬಂದರೆ ಅಡಿಗೂ ಇಂಚಿಗೂ, 304.8 ಬಂದರೆ ಅಡಿಗೂ ಮಿ.ಮೀ.ಗೂ, 1000 ಬಂದರೆ ಮೀಟರಿಗೂ ಮಿ.ಮೀ.ಗೂ. ವಿಸ್ತೀರ್ಣದಲ್ಲಿ ಇದರ ವರ್ಗ ಬರುತ್ತದೆ, ಅಂದರೆ ಇಂಚು-ಮಿ.ಮೀ. ತಪ್ಪಿಗೆ 645.16. ಘನ ಅಳತೆಯಲ್ಲಿ 16,387. ಅಂಗೈಯಷ್ಟು ಅಲ್ಯುಮಿನಿಯಂ ತುಂಡಿನ ತೂಕ ಟನ್ನುಗಟ್ಟಲೆ ಎಂದು ತಂತ್ರಾಂಶ ತೋರಿಸಿದರೆ ಸಾಂದ್ರತೆಯ ಪಟ್ಟಿ ಹುಡುಕುವ ಮೊದಲು 16,387ರಿಂದ ಭಾಗಿಸಿ ನೋಡಬೇಕು.

ಈ ಬೆರಳಚ್ಚು ಅತಿ ಹೆಚ್ಚು ಸಿಗುವುದು 3ಡಿ ಪ್ರಿಂಟಿಂಗ್‌ನಲ್ಲಿ. ಅಲ್ಲಿ ಚಲಾವಣೆಯಲ್ಲಿರುವ ‘ಎಸ್‌ಟಿಎಲ್’ ಕಡತ 1980ರ ದಶಕದ ಕೂಸು. ಅದರಲ್ಲಿ ತ್ರಿಕೋನಗಳ ಮೂಲೆಗಳಿವೆ, ಮಾನ ಇಲ್ಲ. ಇಂಚಿನಲ್ಲಿ ವಿನ್ಯಾಸವಾದ ಎರಡಿಂಚಿನ ಡಬ್ಬಿಯನ್ನು ಪ್ರಿಂಟರಿನ ತಂತ್ರಾಂಶ ಎರಡು ಮಿ.ಮೀ. ಎಂದು ಓದಿದರೆ, ಸಾಸಿವೆಗಿಂತ ಚೂರು ದೊಡ್ಡ ಚುಕ್ಕೆ ಬರುತ್ತದೆ. ನಂತರ ಬಂದ ‘ಸ್ಟೆಪ್’ ಎಂಬ ಅಂತರರಾಷ್ಟ್ರೀಯ ರೂಪದಲ್ಲಿ ಮಾನವನ್ನೂ ಕಡತದೊಳಗೇ ಬರೆದಿಡುವ ಏರ್ಪಾಡಿದೆ.

ಎಷ್ಟು ಅಂಕಿ ತೋರಿಸಬೇಕು?

ಈಗ ಮೂರನೆಯ ಪದರ. ನಮ್ಮಲ್ಲಿ ಮಿ.ಮೀ.ನಲ್ಲಿ ಬರೆದ ಪ್ಲ್ಯಾನಿನಲ್ಲಿ ಒಂಬತ್ತಿಂಚಿನ ಗೋಡೆಯನ್ನು 230 ಎಂದು ಬರೆಯುವುದು ರೂಢಿ. ಲೆಕ್ಕಕ್ಕೆ ಒಂಬತ್ತಿಂಚು 228.6, ಉಳಿದ 1.4 ಮಿ.ಮೀ. ಗಾರೆಯಲ್ಲಿ ಮುಚ್ಚಿಹೋಗುತ್ತದೆ. ಆದರೆ ಇದೇ ಗೋಡೆಯನ್ನು ಅಡಿ-ಇಂಚಿನಲ್ಲಿ ತೋರಿಸೆಂದರೆ, ಇಂಚಿನ ಹದಿನಾರನೇ ಒಂದರ ನಿಖರತೆಯಲ್ಲಿ ಅದು 9 1/16" ಎನ್ನುತ್ತದೆ. ಮೇಸ್ತ್ರಿ ನೋಡಿ ನಗುತ್ತಾರೆ. ನಿಖರತೆಯನ್ನು ಎಂಟನೇ ಒಂದಕ್ಕೆ ಇಳಿಸಿದರೆ ಅದೇ ಗೋಡೆ 9" ಎಂದು ತೆಪ್ಪಗಾಗುತ್ತದೆ. ಗೋಡೆ ಒಂದಿಷ್ಟೂ ಕದಲಿಲ್ಲ. ಬದಲಾದದ್ದು ತೋರಿಕೆ ಮಾತ್ರ.

ಕಡಿಮೆ ಅಂಕಿ ತೋರಿಸಿದರೆ ಕೂಡಿಕೆ ತಪ್ಪುತ್ತದೆ. ಒಂದು ಮೀಟರ್ ಅಗಲದ ಕಪಾಟನ್ನು ಮೂರು ಸಮ ಭಾಗ ಮಾಡಿ ದಶಮಾಂಶ ಸ್ಥಾನ ಇಲ್ಲದೆ ತೋರಿಸಿದರೆ ನಕ್ಷೆಯಲ್ಲಿ 333, 333, 333 ಎಂದು ಬರುತ್ತದೆ, ಕೆಳಗೆ ಒಟ್ಟು 1000 ಎಂದಿರುತ್ತದೆ. ಕೂಡಿದರೆ 999. ಬಡಗಿ ಯಾವುದನ್ನು ನಂಬಬೇಕು? ಸೈಟಿನ ವಿಷಯದಲ್ಲೂ ಹೀಗೇ. 30 ಅಡಿ 9.144 ಮೀಟರು, 40 ಅಡಿ 12.192 ಮೀಟರು, ವಿಸ್ತೀರ್ಣ 111.48 ಚದರ ಮೀಟರು. ನಕ್ಷೆಯಲ್ಲಿ ಕಾಣುವ 9.14 ಮತ್ತು 12.19ನ್ನು ಕೈಯಲ್ಲಿ ಗುಣಿಸಿದರೆ 111.42 ಬರುತ್ತದೆ. ಸುಮಾರು ಮುಕ್ಕಾಲು ಚದರ ಅಡಿ ಕಣ್ಮರೆ. ಲೆಕ್ಕ ಮಾಡುವಾಗ ಒಳಗಿನ ಸಂಖ್ಯೆ ಬಳಸಬೇಕು, ದುಂಡಾಗಿಸುವುದು ಕೊನೆಗೆ ಒಮ್ಮೆ ಮಾತ್ರ ಎಂಬ ಶಾಲೆಯ ಪಾಠ ಇಲ್ಲಿ ಹಣದ ಲೆಕ್ಕವಾಗುತ್ತದೆ.

ಹೆಚ್ಚು ಅಂಕಿ ತೋರಿಸುವುದೂ ಪುಕ್ಕಟೆಯಲ್ಲ. ಯಂತ್ರಭಾಗಗಳ ನಕ್ಷೆಯಲ್ಲಿ ಅಂಕಿಗಳ ಸಂಖ್ಯೆಗೇ ಅರ್ಥವಿದೆ. ಇಂಚಿನಲ್ಲಿ ಬರುವ ಅಮೆರಿಕದ ಅನೇಕ ಡ್ರಾಯಿಂಗುಗಳ ಮೂಲೆಯಲ್ಲಿ ಒಂದು ಚೌಕ ಇರುತ್ತದೆ: ದಶಮಾಂಶದ ನಂತರ ಎರಡು ಅಂಕಿ ಇದ್ದರೆ ಇಷ್ಟು ಟಾಲರೆನ್ಸ್ (ಅಳತೆ ಆಚೀಚೆ ಹೋಗಬಹುದಾದ ಮಿತಿ), ಮೂರು ಇದ್ದರೆ ಇಷ್ಟು. ಅಲ್ಲಿ 2.50 ಬೇರೆ, 2.500 ಬೇರೆ, ಎರಡನೆಯದನ್ನು ಇನ್ನೂ ಬಿಗಿಯಾಗಿ ಕಡೆಯಬೇಕು. ಮೆಟ್ರಿಕ್ ಡ್ರಾಯಿಂಗಿನಲ್ಲಿ ರೂಢಿ ತಿರುವುಮುರುವು. 20 ಎಂದರೆ 20. ಹಿಂದಿನ ಸೊನ್ನೆ ಬರೆಯುವುದಿಲ್ಲ, ಟಾಲರೆನ್ಸನ್ನು ಐಎಸ್ಒ 2768ರಂಥ ಕೋಷ್ಟಕ ಹೇಳುತ್ತದೆ. ಅದರ ಮಧ್ಯಮ ದರ್ಜೆಯಲ್ಲಿ 20 ಮಿ.ಮೀ.ಗೆ 0.2 ಆಚೀಚೆ ಹೋಗಬಹುದು. ತಂತ್ರಾಂಶದ ಡಿಫಾಲ್ಟನ್ನು ಇದ್ದ ಹಾಗೇ ಬಿಟ್ಟು 20.0000 ಎಂದು ಮುದ್ರಿಸಿ ಪೀಣ್ಯದ ಲೇತ್ ವರ್ಕ್‌ಶಾಪಿಗೆ ಕಳಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಅನುಭವಿ ಟರ್ನರ್ ಸೊನ್ನೆಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಹೊಸಬರಾದರೆ ಮೈಕ್ರಾನ್ ಮಟ್ಟದ ಕೆಲಸವೆಂದು ದರ ಏರಿಸುತ್ತಾರೆ.

ನಕ್ಷೆ ಹೇಳುವ ಸುಳ್ಳು

ಡೈಮೆನ್ಷನ್ ಸುಳ್ಳು ಹೇಳುವಂತೆಯೂ ಮಾಡಬಹುದು. ಆಟೋಕ್ಯಾಡ್‌ನ ಡೈಮೆನ್ಷನ್ ಒಳಗೆ ‘<>’ ಎಂಬ ಗುರುತಿನ ಜಾಗದಲ್ಲಿ ನಿಜವಾದ ಅಳತೆ ಕೂರುತ್ತದೆ. ಆ ಜಾಗವನ್ನು ಅಳಿಸಿ ಬೇಕಾದ ಸಂಖ್ಯೆ ಟೈಪ್ ಮಾಡಿದರೆ ಅದೇ ಮುದ್ರಣವಾಗುತ್ತದೆ. ಗೋಡೆ 225 ಇದ್ದರೂ 230 ಎನ್ನುತ್ತದೆ. ಮುಂದೆ ಗೋಡೆಯನ್ನು ಎಳೆದು 300 ಮಾಡಿದರೂ 230 ಎಂದೇ ಹಟ ಹಿಡಿಯುತ್ತದೆ. ಅವಸರದಲ್ಲಿ ಸಂಜೆ ಐದಕ್ಕೆ ಮಾಡಿದ ಇಂಥ ತಿದ್ದುಪಡಿ ತಿಂಗಳುಗಳ ನಂತರ ಕಿಟಕಿ ಚೌಕಟ್ಟು ತಂದು ನಿಲ್ಲಿಸಿದಾಗ ಬಯಲಾಗುತ್ತದೆ.

ಇನ್ನೊಂದು ದಾರಿ ‘ಡಿಮ್‌ಎಲ್‌ಫ್ಯಾಕ್’ ಎಂಬ ಗುಣಕ. ಅದನ್ನು 25.4 ಮಾಡಿದರೆ ಇಂಚಿನ ನಕ್ಷೆಯ ಡೈಮೆನ್ಷನ್‌ಗಳೆಲ್ಲ ಮಿ.ಮೀ. ತೋರಿಸುತ್ತವೆ, ಜ್ಯಾಮಿತಿ ಇಂಚಿನಲ್ಲೇ ಉಳಿಯುತ್ತದೆ. ಕಾಗದದ ಮೇಲೆ ಎಲ್ಲ ಸರಿ. ಆದರೆ ಅದೇ ಕಡತ ಲೇಸರ್ ಕಟಿಂಗ್ ಯಂತ್ರಕ್ಕೆ ಹೋದರೆ ಯಂತ್ರ ಡೈಮೆನ್ಷನ್ ಓದುವುದಿಲ್ಲ, ಗೆರೆಯನ್ನು ಓದುತ್ತದೆ. ಮನುಷ್ಯರಿಗೊಂದು ಅಳತೆ, ಯಂತ್ರಕ್ಕೊಂದು ಅಳತೆ.

0.86 ಮಿ.ಮೀ.ನ ಅವಘಡ

25.4 ಪಟ್ಟು ತಪ್ಪಿದರೆ ಯಾರಿಗಾದರೂ ಕಾಣುತ್ತದೆ. ಭಯಪಡಬೇಕಾದದ್ದು ಸರಿ ಅಂತಲೇ ಕಾಣುವ ತಪ್ಪಿಗೆ. 2003ರ ಡಿಸೆಂಬರ್ 5ರಂದು ಟೋಕಿಯೋ ಡಿಸ್ನಿಲ್ಯಾಂಡಿನ ‘ಸ್ಪೇಸ್ ಮೌಂಟನ್’ ರೋಲರ್ ಕೋಸ್ಟರಿನ ಗಾಡಿಯೊಂದು ಹಳಿ ತಪ್ಪಿತು. ಅದರ ಅಚ್ಚು ಮುರಿದಿತ್ತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ತನಿಖೆಯಲ್ಲಿ ಹೊರಬಿದ್ದ ಕಥೆ ಹೀಗಿತ್ತು: 1995ರಲ್ಲಿ ಆ ಭಾಗಗಳ ವಿನ್ಯಾಸವನ್ನು ಇಂಚಿನಿಂದ ಮೆಟ್ರಿಕ್ಕಿಗೆ ಬದಲಿಸಲಾಗಿತ್ತು. ಹೊಸ ಅಚ್ಚಿನ ವ್ಯಾಸ 45 ಮಿ.ಮೀ. ಹಳೆಯದು 44.14 ಮಿ.ಮೀ. 2002ರಲ್ಲಿ ಬದಲಿ ಅಚ್ಚುಗಳಿಗೆ ಬೇಡಿಕೆ ಕಳಿಸುವಾಗ ಹಳೆಯ ನಕ್ಷೆ ಬಳಕೆಯಾಯಿತು. ಅಚ್ಚಿಗೂ ಬೇರಿಂಗಿಗೂ ನಡುವೆ 0.2 ಮಿ.ಮೀ. ಇರಬೇಕಾದ ಸಂದು ಒಂದು ಮಿ.ಮೀ.ಗಿಂತ ಹೆಚ್ಚಾಯಿತು. ಪ್ರತಿ ಸುತ್ತಿನಲ್ಲೂ ಅಚ್ಚು ಅದುರುತ್ತಾ ಹೋಯಿತು, ಕೊನೆಗೆ ಲೋಹ ದಣಿದು ಮುರಿಯಿತು.

ಗಮನಿಸಿ, ಇಲ್ಲಿ ಯಾವ ನಕ್ಷೆಯೂ ತಪ್ಪಾಗಿರಲಿಲ್ಲ. 44.14 ತನ್ನ ಕಾಲಕ್ಕೆ ಸರಿಯಾದ ಸಂಖ್ಯೆ, 45 ತನ್ನ ಕಾಲಕ್ಕೆ. ಯಾರೂ ಲೆಕ್ಕ ತಪ್ಪಿಲ್ಲ, ದಶಮಾಂಶ ಬಿಂದು ಜಾರಿಲ್ಲ. ತಪ್ಪಿದ್ದು ಇಷ್ಟೇ: ಹೊಸ ಮಾನ ಬಂದ ಮೇಲೂ ಹಳೆಯ ನಕ್ಷೆ ಕಪಾಟಿನಲ್ಲಿ ಜೀವಂತವಾಗಿತ್ತು. ಡಿಫಾಲ್ಟ್ ಬದಲಿಸುವುದು ಅರ್ಧ ಕೆಲಸ. ಹಿಂದಿನ ಕಡತಗಳಿಗೆ ‘ರದ್ದು’ ಮುದ್ರೆ ಒತ್ತುವುದು ಉಳಿದರ್ಧ.

ಯಾವುದನ್ನು ಆರಿಸಬೇಕು?

ಭಾರತ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿಗೆ ಒಪ್ಪಿದ್ದು 1956ರಲ್ಲಿ. ಆದರೂ ಕರ್ನಾಟಕದಲ್ಲಿ ಮನೆ ಕಟ್ಟುವವರ ಮುಂದೆ ಮೂರು ಲೋಕಗಳಿವೆ. ಪಹಣಿಯಲ್ಲಿ ಎಕರೆ-ಗುಂಟೆ, ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಕಟ್ಟಡದ ಉಪವಿಧಿಗಳಲ್ಲಿ ಮೀಟರು. ಗೋಡೆ ಕಟ್ಟುವ ಮೇಸ್ತ್ರಿಯ ಟೇಪಿನಲ್ಲಿ ಅಡಿ-ಇಂಚು. ಇವುಗಳಲ್ಲಿ ಒಂದನ್ನು ಸರಿ, ಉಳಿದದ್ದು ತಪ್ಪು ಎನ್ನುವುದು ಉಪಯೋಗಕ್ಕೆ ಬಾರದ ಜಗಳ.

ಡೈಮೆನ್ಷನ್‌ನ ಮಾನವನ್ನು ಕೊನೆಯಲ್ಲಿ ಅಳೆಯುವ ಕೈ ನಿರ್ಧರಿಸಬೇಕು. ಟೇಪ್ ಹಿಡಿಯುವವರು ಅಡಿ ಓದುತ್ತಾರಾದರೆ ಕೆಲಸದ ನಕ್ಷೆಯಲ್ಲಿ ಅಡಿಯೇ ಇರಲಿ. ಕಚೇರಿಗೆ ಮೀಟರು ಬೇಕಾದರೆ ‘ಆಲ್ಟರ್ನೇಟ್ ಯೂನಿಟ್ಸ್’ ಎಂಬ ಸೌಲಭ್ಯ ಎರಡನ್ನೂ ಅಕ್ಕಪಕ್ಕ ಬರೆಯುತ್ತದೆ. ಅದರ ಗುಣಕವನ್ನು ನೆನಪಿನಿಂದ ಟೈಪ್ ಮಾಡಬಾರದು. ಮಿ.ಮೀ.ನಿಂದ ಇಂಚಿಗೆ 0.03937ರ ಬದಲು 0.0394 ಎಂದು ಕೊಟ್ಟರೆ ಹತ್ತು ಮೀಟರಿಗೆ 7.6 ಮಿ.ಮೀ. ಏರುತ್ತದೆ, ಟೋಕಿಯೋದ ಅಚ್ಚಿನಂತೆ ಇದೂ ಕಣ್ಣಿಗೆ ಬೀಳದ ಜಾತಿಯದು. ಒಳಗಿನ ಜ್ಯಾಮಿತಿ ಮಾತ್ರ ಮೊದಲಿಂದ ಕೊನೆವರೆಗೆ ಒಂದೇ ಮಾನದಲ್ಲಿ ಇರಬೇಕು, ಆ ಮಾನ ಯಾವುದೆಂದು ನಕ್ಷೆಯ ಟೈಟಲ್ ಬ್ಲಾಕಿನಲ್ಲಿ ಅಕ್ಷರದಲ್ಲಿ ಬರೆದಿರಬೇಕು.

ಬೇರೆಯವರಿಂದ ಬಂದ ಕಡತಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಅದರಲ್ಲಿ ನಿಮಗೆ ಅಳತೆ ಗೊತ್ತಿರುವ ವಸ್ತುವೊಂದನ್ನು ಹುಡುಕಿ. ಮನೆಯಾದರೆ ಬಾಗಿಲು ಸಾಕು. ಡೈಮೆನ್ಷನ್ ಓದಬೇಡಿ, ದೂರ ಅಳೆಯುವ ಆದೇಶದಿಂದ ಚೌಕಟ್ಟಿನ ಗೆರೆಯನ್ನೇ ಅಳೆಯಿರಿ. 900ರ ಆಸುಪಾಸು ಬಂದರೆ ಮಿ.ಮೀ., 36 ಬಂದರೆ ಇಂಚು, 3 ಬಂದರೆ ಅಡಿ, 0.9 ಬಂದರೆ ಮೀಟರು. ಇವ್ಯಾವುದೂ ಅಲ್ಲದ ಸಂಖ್ಯೆ ಬಂದರೆ ಮುಂದಿನ ಗೆರೆ ಎಳೆಯುವ ಮೊದಲು ಕಡತ ಕಳಿಸಿದವರಿಗೊಂದು ಫೋನ್ ಮಾಡುವುದು ಒಳ್ಳೆಯದು.